ಕಿರುಸಾಲ ಸಂಸ್ಥೆಗಳ ವ್ಯವಸ್ಥಾಪಕರ ತರಬೇತಿ: ಕಲಿಸಿದ್ದು ಮತ್ತು ಕಲಿಸದೆ ಉಳಿದದ್ದು

ಎರಡು ವರ್ಷಗಳ ಹಿಂದೆ ರಜೆಯಲ್ಲಿ ಊರಿಗೆ ಹೋದಾಗ, ಪ್ರತಿ ಸಲದಂತೆ, ತಾಲ್ಲೂಕು ಕೇಂದ್ರದಲ್ಲಿರುವ ಗೆಳೆಯನ ಚಿಕಿತ್ಸಾಲಯದಲ್ಲಿ ನಾಲ್ಕು ದಿನ ಕುಳಿತಿದ್ದೆ. ನಲವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬರು ಬಂದರು. ಸಕ್ಕರೆ ಕಾಯಿಲೆ ಪತ್ತೆಯಾಗಿ ಆರು ವರ್ಷವಾಗಿತ್ತು. ರಕ್ತದ ಸಕ್ಕರೆ ಒಮ್ಮೆ ಹತೋಟಿಯಲ್ಲಿದ್ದರೆ ಇನ್ನೊಮ್ಮೆ ಹತೋಟಿ ಮೀರಿರುತ್ತಿತ್ತು; ಕಾರಣ ತಿಳಿಯುತ್ತಿರಲಿಲ್ಲ. ಊಟ, ನಿದ್ರೆ, ಕೆಲಸ ಎಲ್ಲವನ್ನೂ ವಿಚಾರಿಸಿದೆ. ಕೊನೆಗೆ ಅವರೇ, "ಕಂತು ಜಾಸ್ತಿ ಬರೋ ವಾರ ಮಾತ್ರೆ ತಗೊಳ್ಳಕ್ಕಾಗಲ್ಲ ಸಾರ್" ಎಂದರು. ಚೀಲದಿಂದ ಸಾಲದ ಕಾರ್ಡುಗಳನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಮೂರು ಸಂಸ್ಥೆಗಳ ಮೂರು ಕಾರ್ಡು. ಮೂರರಲ್ಲಿಯೂ ಪ್ರತಿ ಕಂತಿನ ಎದುರು ಸಹಿ ಬಿದ್ದಿತ್ತು; ಒಂದೂ ತಪ್ಪಿರಲಿಲ್ಲ.

ಮರುದಿನ ಅದೇ ಕುರ್ಚಿಯಲ್ಲಿ ಗಂಟಲುನೋವೆಂದು ಕುಳಿತವರು ಪಕ್ಕದ ಬೀದಿಯ ಕಿರುಸಾಲ ಸಂಸ್ಥೆಯೊಂದರ ಶಾಖಾ ವ್ಯವಸ್ಥಾಪಕರು. ಇಪ್ಪತ್ತಾರು ವರ್ಷದ ತರುಣ, ಬಿ.ಕಾಂ. ಪದವೀಧರ. ಹಿಂದಿನ ದಿನದ ರೋಗಿಯ ವಿಷಯವನ್ನು ನಾನು ಎತ್ತುವಂತಿರಲಿಲ್ಲ, ಎತ್ತಲಿಲ್ಲ. ಕೆಲಸದ ಬಗ್ಗೆ ಮಾತ್ರ ಕೇಳಿದೆ. ಎಷ್ಟು ದಿನ ತರಬೇತಿ ಕೊಟ್ಟರು ಎಂದದ್ದಕ್ಕೆ, "ಫೀಲ್ಡಿಗೆ ಹೋಗೋಕ್ಕೆ ಮುಂಚೆ ಒಂದು ವಾರ, ಮ್ಯಾನೇಜರ್ ಆದ್ಮೇಲೆ ಮೂರು ದಿನ ಸರ್. ಮಿಕ್ಕಿದ್ದೆಲ್ಲ ಸೀನಿಯರ್ಸ್ ನೋಡಿ ಕಲ್ತಿದ್ದು" ಎಂದರು. ತಮ್ಮ ಶಾಖೆಯಲ್ಲಿ ವಸೂಲಿ ನೂರಕ್ಕೆ ತೊಂಬತ್ತೊಂಬತ್ತರ ಮೇಲಿದೆ ಎಂದು ಹೇಳುವಾಗ ಅವರ ದನಿಯಲ್ಲಿ ಸಹಜವಾದ ಹೆಮ್ಮೆಯಿತ್ತು.

ಈ ಲೇಖನ ಆ ಮೂರು ದಿನಗಳನ್ನು ಕುರಿತದ್ದು. ನಾನು ಅರ್ಥಶಾಸ್ತ್ರಜ್ಞನಲ್ಲ. ಆದರೆ ಇಪ್ಪತ್ತು ವರ್ಷಗಳಿಂದ ಇಂಗ್ಲೆಂಡಿನಲ್ಲಿ ಕಿರಿಯ ವೈದ್ಯರಿಗೆ ಪಾಠ ಹೇಳುತ್ತಿರುವವನು. ಬೇರೆಯವರ ಬದುಕಿನ ಮೇಲೆ ನೇರ ಪರಿಣಾಮ ಬೀರುವ ಕೆಲಸವನ್ನು ಯುವಕರಿಗೆ ಹೇಗೆ ಕಲಿಸಬೇಕು ಎಂಬ ಪ್ರಶ್ನೆ ಎರಡು ವೃತ್ತಿಗಳಿಗೂ ಸಾಮಾನ್ಯವಾದುದರಿಂದ, ಅಂದಿನಿಂದ ಈ ವಿಷಯವನ್ನು ಓದುತ್ತ ಬಂದಿದ್ದೇನೆ.

ಮೊದಲು ಕೆಲಸದ ಸ್ವರೂಪ. ಕಿರುಸಾಲ ಅಥವಾ ಮೈಕ್ರೋಫೈನಾನ್ಸ್ ಎಂದರೆ ಅಡವಿಡಲು ಆಸ್ತಿಯಿಲ್ಲದ ಕುಟುಂಬಗಳಿಗೆ, ಹೆಚ್ಚಾಗಿ ಹೆಣ್ಣುಮಕ್ಕಳ ಗುಂಪಿನ ಮೂಲಕ, ಕೊಡುವ ಸಣ್ಣ ಸಾಲ. ಅದನ್ನು ವಾರದ, ಹದಿನೈದು ದಿನದ ಅಥವಾ ತಿಂಗಳ ಕಂತುಗಳಲ್ಲಿ ತೀರಿಸಬೇಕು. ಒಂದು ಶಾಖೆಯಲ್ಲಿ ಕೆಲವು ಮಂದಿ ಕ್ಷೇತ್ರಾಧಿಕಾರಿಗಳಿರುತ್ತಾರೆ. ಒಬ್ಬೊಬ್ಬರ ಪಾಲಿಗೆ ನೂರಾರು ಸಾಲಗಾರರು. ಬೆಳಿಗ್ಗೆ ಹಳ್ಳಿಹಳ್ಳಿಯ ಸಭೆಗಳಿಗೆ ಹೋಗಿ ಕಂತು ತರುವುದು, ಮಧ್ಯಾಹ್ನ ಲೆಕ್ಕ ಒಪ್ಪಿಸುವುದು, ಸಂಜೆ ಹೊಸ ಅರ್ಜಿದಾರರ ಮನೆಗಳಿಗೆ ಭೇಟಿ ಕೊಡುವುದು ಅವರ ದಿನಚರಿ. ಇವರ ಮೇಲಿರುವವರು ಶಾಖಾ ವ್ಯವಸ್ಥಾಪಕರು. ನೀತಿಗಳನ್ನು ಕೇಂದ್ರ ಕಚೇರಿ ಬರೆಯಬಹುದು. ಆದರೆ ಯಾರಿಗೆ ಸಾಲ, ಎಷ್ಟು ಸಾಲ, ಕಂತು ತಪ್ಪಿದ ದಿನ ಆ ಮನೆಯ ಮುಂದೆ ಯಾವ ಮಾತು ಎಂಬ ಮೂರೂ ನಿರ್ಣಯವಾಗುವುದು ಶಾಖೆಯಲ್ಲಿ. ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಕಿರಿಯ ವೈದ್ಯನ ಸ್ಥಾನ ಯಾವುದೋ ಇಲ್ಲಿ ಇವರ ಸ್ಥಾನ ಅದೇ.

ಬಾಗಿಲಿಗೆ ಬಂದು ಚಿಲ್ಲರೆ ಹಣ ಸಂಗ್ರಹಿಸುವ ಪದ್ಧತಿ ಕನ್ನಡ ನಾಡಿಗೆ ಹೊಸದೇನಲ್ಲ. ಅದನ್ನು ಬ್ಯಾಂಕಿನ ಶಿಸ್ತಿಗೆ ತಂದವರಲ್ಲಿ ಒಬ್ಬರು ವೈದ್ಯರೇ ಎಂಬುದು ನನ್ನ ವೃತ್ತಿಯ ಅಭಿಮಾನಕ್ಕೆ ಹಿತವಾದ ಸಂಗತಿ. ಮದರಾಸಿನಲ್ಲಿ ವೈದ್ಯಪದವಿ ಪಡೆದ ಡಾ. ಟಿ.ಎಂ.ಎ. ಪೈ ಅವರು ತಮ್ಮ ಅಣ್ಣ ಉಪೇಂದ್ರ ಪೈ ಹಾಗೂ ವಾಮನ ಕುಡ್ವರೊಡನೆ 1925ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದಿನ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟರು ದಿನವೂ ಮನೆಗೆ, ಅಂಗಡಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಳ್ಳುತ್ತಿದ್ದರು. ಹೊರನೋಟಕ್ಕೆ ಇಂದಿನ ಕ್ಷೇತ್ರಾಧಿಕಾರಿ ಮಾಡುವುದೂ ಅದನ್ನೇ. ಒಂದೇ ವ್ಯತ್ಯಾಸ. ಉಳಿತಾಯದ ಕಂತು ತಪ್ಪಿದರೆ ಯಾರೂ ಮನೆ ಮುಂದೆ ಬಂದು ಕೂರುವುದಿಲ್ಲ. ಸಾಲದ ಕಂತು ತಪ್ಪಿದರೆ ಕೂರುತ್ತಾರೆ. ಆದ್ದರಿಂದ ಎರಡನೆಯವನಿಗೆ ಬೇಕಾದ ವಿದ್ಯೆ ಹಣ ಎಣಿಸುವ ವಿದ್ಯೆಗಿಂತ ಹೆಚ್ಚಿನದು.

ಆ ವಿದ್ಯೆಯನ್ನು ಮೊದಲು ಕ್ರಮವಾಗಿ ಕಲಿಸಿದ್ದು ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್. 1976ರಲ್ಲಿ ಚಿತ್ತಗಾಂಗ್ ಸಮೀಪದ ಜೋಬ್ರಾ ಗ್ರಾಮದಲ್ಲಿ ಮುಹಮ್ಮದ್ ಯೂನುಸ್ ಅವರ ಪ್ರಯೋಗವಾಗಿ ಹುಟ್ಟಿ, 1983ರಲ್ಲಿ ಬ್ಯಾಂಕಾದ ಈ ಸಂಸ್ಥೆ ಪದವೀಧರರನ್ನು ಆರಿಸಿಕೊಂಡು ತಿಂಗಳುಗಟ್ಟಲೆ ಹಳ್ಳಿಯ ಶಾಖೆಗಳಲ್ಲಿಯೇ ಇರಿಸುತ್ತಿತ್ತು. ತರಗತಿಯ ಪಾಠ ಕಡಿಮೆ. ಬಡ ಮಹಿಳೆಯರ ಮನೆಗಳಲ್ಲಿ ಕುಳಿತು ಅವರ ಜೀವನವೃತ್ತಾಂತವನ್ನು ಕೇಳಿ ಬರೆದು ಒಪ್ಪಿಸುವುದು ಆ ತರಬೇತಿಯ ಮುಖ್ಯ ಭಾಗವಾಗಿತ್ತು. ನಾವು ವೈದ್ಯಶಾಸ್ತ್ರದಲ್ಲಿ ರೋಗಿಯ ಇತಿಹಾಸ ಬರೆಯುವುದು ಎನ್ನುತ್ತೇವಲ್ಲ, ಅದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಗ್ರಾಮೀಣ ಮಾದರಿ ಲೋಕವೆಲ್ಲ ಹಬ್ಬಿದಾಗ ಗುಂಪು, ವಾರದ ಸಭೆ, ಕಂತಿನ ಶಿಸ್ತು ಎಲ್ಲವೂ ಪ್ರಯಾಣ ಮಾಡಿದವು. ಮನೆಯ ವೃತ್ತಾಂತ ಬರೆಯುವ ಅಭ್ಯಾಸ ಮಾತ್ರ ದಾರಿಯಲ್ಲಿ ಬಹುಮಟ್ಟಿಗೆ ಕಳೆದುಹೋಯಿತೆಂದು ನನ್ನ ಅನಿಸಿಕೆ. ಅದು ನಿಧಾನದ ಕೆಲಸ; ಅದಕ್ಕೆ ಅಂಕಿಯ ರೂಪವಿಲ್ಲ.

ಅದರ ಜಾಗಕ್ಕೆ ಅಂಕಿಗಳ ವಿದ್ಯೆ ಬಂದಿತು. ಅದರ ಅಗತ್ಯವೂ ಇತ್ತೆಂಬುದನ್ನು ಮರೆಯಬಾರದು. ಆರಂಭದ ಕಿರುಸಾಲ ಸಂಸ್ಥೆಗಳು ಬಹುಪಾಲು ಸ್ವಯಂಸೇವಾ ಸಂಘಗಳು. ಸದುದ್ದೇಶ ಹೇರಳ, ಲೆಕ್ಕಪತ್ರ ವಿರಳ. ದಾನದ ಹಣ ಬರುವವರೆಗೆ ನಡೆದು, ನಿಂತೊಡನೆ ಮುಚ್ಚಿಹೋದ ಸಂಘಗಳಿಂದ ಬಡವರಿಗಾದ ನಷ್ಟ ಸಣ್ಣದಲ್ಲ. 1995ರಲ್ಲಿ ವಾಷಿಂಗ್‌ಟನ್ನಿನ ವಿಶ್ವಬ್ಯಾಂಕಿನ ಆಶ್ರಯದಲ್ಲಿ ಸಿಜಿಎಪಿ ಎಂಬ ದಾನಿಗಳ ಒಕ್ಕೂಟ ಆರಂಭವಾಗಿ, ಕಿರುಸಾಲ ವ್ಯವಸ್ಥಾಪಕರಿಗಾಗಿಯೇ ಪಠ್ಯಗಳನ್ನು ಸಿದ್ಧಪಡಿಸಿತು: ಲೆಕ್ಕಪತ್ರ, ಹಣಕಾಸು ವಿಶ್ಲೇಷಣೆ, ಬಾಕಿ ನಿರ್ವಹಣೆ, ಬಡ್ಡಿದರ ನಿಗದಿ, ಯೋಜನೆ, ಮಾಹಿತಿ ವ್ಯವಸ್ಥೆ, ವಂಚನೆ ಮತ್ತು ಅಪಾಯಗಳ ತಡೆ. ಅದೇ ವರ್ಷ ಅಮೆರಿಕದ ಕೊಲರಾಡೋದ ಬೌಲ್ಡರ್ ನಗರದಲ್ಲಿ ಆರಂಭವಾದ ಬೇಸಿಗೆ ತರಬೇತಿ ಶಿಬಿರ ಮುಂದೆ ಇಟಲಿಯ ಟ್ಯುರಿನ್‌ಗೆ ಸ್ಥಳಾಂತರಗೊಂಡಿತು. ಅಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತರಬೇತಿ ಕೇಂದ್ರವಿದೆ. ಆ ಕೇಂದ್ರವೂ ಮಧ್ಯಮಸ್ತರದ ವ್ಯವಸ್ಥಾಪಕರಿಗಾಗಿ ಕ್ರೇಗ್ ಚರ್ಚಿಲ್ ಮತ್ತು ಶೆರಿಲ್ ಫ್ರಾಂಕೀವಿಚ್ ಅವರು ಬರೆದ ಪಠ್ಯವನ್ನು ಆಧರಿಸಿ ಶಿಕ್ಷಣ ಕೊಡುತ್ತ ಬಂದಿದೆ. ಭಾರತದಲ್ಲಿ ನಬಾರ್ಡ್ ಸಂಸ್ಥೆಯ ಗ್ರಾಮೀಣ ಬ್ಯಾಂಕರ್‌ಗಳ ತರಬೇತಿ ಸಂಸ್ಥೆ ಲಖನೌದಲ್ಲಿದೆ. ಅದರ ಒಂದು ಕೇಂದ್ರ ನಮ್ಮ ಮಂಗಳೂರಿನಲ್ಲಿಯೂ ಇದೆ.

ಈ ಶಿಕ್ಷಣದ ಸತ್ತ್ವವೇನೆಂಬುದಕ್ಕೆ ಒಂದು ಉದಾಹರಣೆ ಸಾಕು. ಸಿಜಿಎಪಿಯ ರಿಚರ್ಡ್ ರೋಸೆನ್‌ಬರ್ಗ್ 1999ರಲ್ಲಿ ಬಾಕಿಯ ಅಳತೆಯನ್ನು ಕುರಿತು ಒಂದು ಪ್ರಬಂಧ ಬರೆದರು. ಅನುಪಾತಗಳು ನಿಮ್ಮ ಆರೋಗ್ಯಕ್ಕೆ ಹಾನಿಕರವಾಗಬಹುದು ಎಂಬುದು ಅದರ ಉಪಶೀರ್ಷಿಕೆಯ ಭಾವ. ವೈದ್ಯನಾದ ನನ್ನ ಕಣ್ಣು ಅದರ ಮೇಲೆ ಬಿದ್ದದ್ದೇ ಆ ಕಾರಣಕ್ಕೆ. ಅದರ ಒಂದು ಮುಖ್ಯ ವಿಚಾರವನ್ನು ನನ್ನದೇ ಅಂಕಿಗಳಲ್ಲಿ ಹೇಳುತ್ತೇನೆ. ಒಂದು ಸಂಸ್ಥೆ ಮೂರು ತಿಂಗಳ ಅವಧಿಗೆ 1,00,000 ರೂಪಾಯಿ ಸಾಲ ಕೊಡುತ್ತದೆ, ವಾರದ ಕಂತು. ವಸೂಲಿ ನೂರಕ್ಕೆ 95. ಪರೀಕ್ಷೆಯಲ್ಲಿ 95 ಅಂಕ ಬಂದರೆ ನಾವೆಲ್ಲ ಸಂತೋಷಪಡುತ್ತೇವೆ. ಆದರೆ ಪ್ರತಿ ಸುತ್ತಿನಲ್ಲಿ ಕಳೆದುಹೋಗುವುದು 5,000. ವರ್ಷಕ್ಕೆ ನಾಲ್ಕು ಸುತ್ತು, ಅಂದರೆ 20,000. ಕಂತುಗಳು ಬರುತ್ತಲೇ ಇರುವುದರಿಂದ ಯಾವುದೇ ದಿನ ಸರಾಸರಿ ಹೊರಗಿರುವ ಸಾಲ ಸುಮಾರು 50,000 ಮಾತ್ರ. ಹಾಗಾದರೆ ಸಂಸ್ಥೆಯ ಸಾಲದ ಬಂಡವಾಳದಲ್ಲಿ ನೂರಕ್ಕೆ 40 ಭಾಗ ಒಂದೇ ವರ್ಷದಲ್ಲಿ ಕರಗಿಹೋಯಿತು. 95 ಎಂಬ ಅಂಕಿಯ ಹಿಂದೆ ಮುಳುಗುತ್ತಿರುವ ಸಂಸ್ಥೆಯೊಂದು ಅಡಗಿರಬಹುದು. ಇದನ್ನು ಮೊದಲ ಬಾರಿಗೆ ಕರಿಹಲಗೆಯ ಮೇಲೆ ಕಂಡ ವ್ಯವಸ್ಥಾಪಕ ಮುಂದೆಂದೂ ವಸೂಲಿಯ ಶೇಕಡಾವಾರನ್ನು ಅದೇ ಕಣ್ಣಿನಿಂದ ನೋಡಲಾರ.

ಈ ಕಾರಣದಿಂದ ತರಬೇತಿಗಳಲ್ಲಿ ವಸೂಲಿಯ ಪ್ರಮಾಣಕ್ಕಿಂತ ಅಪಾಯದಲ್ಲಿರುವ ಸಾಲದ ಪ್ರಮಾಣಕ್ಕೆ ಹೆಚ್ಚು ಮಹತ್ವ ಕೊಡಲಾಗುತ್ತದೆ. ಯಾವ ಸಾಲದ ಕಂತು ಮೂವತ್ತು ದಿನ ಮೀರಿ ತಪ್ಪಿದೆಯೋ ಆ ಸಾಲದ ತಪ್ಪಿದ ಕಂತನ್ನಷ್ಟೇ ಅಲ್ಲ, ಬಾಕಿಯಿರುವ ಇಡೀ ಅಸಲನ್ನು ಅಪಾಯದಲ್ಲಿದೆ ಎಂದು ಎಣಿಸುವುದು ಇದರ ಕ್ರಮ. ಸಣ್ಣ ಗಾಯದ ಕೀವನ್ನು ಕಂಡು ಇಡೀ ಕಾಲನ್ನು ಪರೀಕ್ಷಿಸಿದಂತೆ. ಇದು ಒಳ್ಳೆಯ ಅಳತೆ. ಆದರೂ ಇದನ್ನು ಮೋಸಗೊಳಿಸುವುದು ಕಷ್ಟವಲ್ಲ. ಒಂದು ಕೋಟಿ ರೂಪಾಯಿ ಹೊರಗಿರುವಾಗ 5 ಲಕ್ಷ ಅಪಾಯದಲ್ಲಿದ್ದರೆ ಪ್ರಮಾಣ ನೂರಕ್ಕೆ 5. ಮರುವರ್ಷ ಆತುರದಿಂದ ಸಾಲ ಹಂಚಿ ಮೊತ್ತವನ್ನು ಎರಡು ಕೋಟಿಗೆ ಏರಿಸಿದರೆ, ಅಪಾಯ 8 ಲಕ್ಷಕ್ಕೆ ಏರಿದ್ದರೂ ಪ್ರಮಾಣ 4ಕ್ಕೆ ಇಳಿಯುತ್ತದೆ. ರೋಗ ಹೆಚ್ಚಿತು, ವರದಿ ಸುಧಾರಿಸಿತು! ಹೊಸ ಸಾಲಗಳಿಗೆ ಕಂತು ತಪ್ಪುವಷ್ಟು ವಯಸ್ಸೇ ಆಗಿರುವುದಿಲ್ಲ. ಇನ್ನೊಂದು ದಾರಿ, ಕಟ್ಟಲಾಗದವರಿಗೆ ಮತ್ತೊಂದು ಸಾಲ ಕೊಟ್ಟು ಹಳೆಯದನ್ನು ಅದರಿಂದ ತೀರಿಸುವುದು. ಅದಕ್ಕೂ ಸರಳವಾದದ್ದು, ಸಾಲಗಾರರು ಪಕ್ಕದ ಸಂಸ್ಥೆಯಿಂದ ತಂದು ನಮ್ಮ ಕಂತು ಕಟ್ಟಲಿ ಎಂದು ಸುಮ್ಮನಿರುವುದು. ಜ್ವರದ ಮಾತ್ರೆ ನುಂಗಿಸಿ ಉಷ್ಣಮಾಪಕ ಇಟ್ಟರೆ ಸೋಂಕು ಕಾಣಿಸದು. ನನ್ನ ಮೇಜಿನ ಮೇಲಿದ್ದ ಮೂರು ಕಾರ್ಡುಗಳೂ ಇಂಥ ಉಷ್ಣಮಾಪಕಗಳೇ. ಮೂರು ಶಾಖೆಗಳ ವರದಿಯಲ್ಲಿಯೂ ಆಕೆ ಆರೋಗ್ಯವಂತ ಸಾಲಗಾರ್ತಿ.

ಸೋಂಕು ಒಳಗೊಳಗೇ ಹರಡಿ ಒಮ್ಮೆಲೇ ಹೊರಬಿದ್ದ ಸಂದರ್ಭಗಳನ್ನು ನಾವು ದೂರದಲ್ಲಿ ಹುಡುಕಬೇಕಿಲ್ಲ. 2009ರಲ್ಲಿ ಕೋಲಾರ, ರಾಮನಗರ, ಶಿಡ್ಲಘಟ್ಟ, ಮೈಸೂರು ಮುಂತಾದ ಕಡೆ, ರೇಷ್ಮೆ ಉದ್ಯಮ ಸೊರಗಿದ್ದ ಸಮಯದಲ್ಲಿ, ಸ್ಥಳೀಯ ಅಂಜುಮನ್ ಸಮಿತಿಗಳು ಸಾಲ ಕಟ್ಟಬೇಡಿರೆಂದು ಕರೆಕೊಟ್ಟವು. ಸಾವಿರಾರು ಮಹಿಳೆಯರು ಕಂತು ನಿಲ್ಲಿಸಿದರು. ಅಲ್ಲಿಯ ಕುಟುಂಬಗಳಿಗೆ ಹಲವು ಸಂಸ್ಥೆಗಳು ಒಂದರ ಮೇಲೊಂದು ಸಾಲ ಕೊಟ್ಟಿದ್ದವು. ಮರುವರ್ಷ ಆಂಧ್ರಪ್ರದೇಶದ ಸರದಿ. 2010ರ ಅಕ್ಟೋಬರಿನಲ್ಲಿ, ಸಾಲದ ಕಿರುಕುಳದಿಂದ ಆತ್ಮಹತ್ಯೆಗಳಾಗುತ್ತಿವೆ ಎಂಬ ವರದಿಗಳ ನಡುವೆ, ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಅಲ್ಲಿಯವರೆಗೆ ನೂರಕ್ಕೆ 99ರ ಆಸುಪಾಸಿನಲ್ಲಿದ್ದ ವಸೂಲಿ ಕೆಲವೇ ತಿಂಗಳಲ್ಲಿ ಹತ್ತರ ಆಸುಪಾಸಿಗೆ ಕುಸಿಯಿತು. ಸುಗ್ರೀವಾಜ್ಞೆಯೇ ಕುಸಿತಕ್ಕೆ ಕಾರಣವೆಂದು ಉದ್ಯಮದವರು, ಸಾಲದ ಹೊರೆಯೇ ಕಾರಣವೆಂದು ಸರ್ಕಾರದವರು ಇಂದಿಗೂ ವಾದಿಸುತ್ತಾರೆ. ವೈದ್ಯನ ದೃಷ್ಟಿಯಲ್ಲಿ ಇದು ವ್ಯರ್ಥ ವಾದ. ಒಂದು ಪೆಟ್ಟಿಗೆ ಮುರಿದ ಮೂಳೆ ಮೊದಲೇ ಟೊಳ್ಳಾಗಿತ್ತೇ ಎಂದು ನಾವು ನೋಡುತ್ತೇವೆ.

ಆಂಧ್ರದ ಪ್ರಕರಣದಲ್ಲಿ ತರಬೇತಿಯ ಪಾತ್ರವೇನು? ಸಂಸ್ಥೆಗಳು ವರ್ಷವರ್ಷವೂ ಬೆರಗಾಗುವ ವೇಗದಲ್ಲಿ ಬೆಳೆಯುತ್ತಿದ್ದ ಕಾಲವದು. ಅಷ್ಟು ಶಾಖೆಗಳಿಗೆ ಅಷ್ಟು ವ್ಯವಸ್ಥಾಪಕರು ಎಲ್ಲಿಂದ ಬರಬೇಕು? ನಿನ್ನೆಯ ಕ್ಷೇತ್ರಾಧಿಕಾರಿ ಇಂದಿನ ವ್ಯವಸ್ಥಾಪಕ. ಅವನಿಗೆ ತಿಳಿದಿರುವುದು ಸಾಲ ಹಂಚುವುದು, ಕಂತು ತರುವುದು. ಅವನು ಕಲಿಸಬಲ್ಲದ್ದೂ ಅಷ್ಟೇ. ಒಂದು ತಲೆಮಾರಿನ ಕಿರಿಯ ವೈದ್ಯರು ಹಿಂದಿನ ವರ್ಷದ ಕಿರಿಯ ವೈದ್ಯರಿಂದಲೇ ಎಲ್ಲವನ್ನೂ ಕಲಿತರೆ ಏನಾದೀತೆಂದು ಊಹಿಸಿಕೊಳ್ಳಿ. ಕೌಶಲ್ಯ ಹಸ್ತಾಂತರವಾಗುತ್ತದೆ, ವಿವೇಕ ಆಗುವುದಿಲ್ಲ.

ಬಳಿಕ ಕಾನೂನು ಚುರುಕಾಯಿತು. ವೈ.ಎಚ್. ಮಾಲೆಗಾಂ ಸಮಿತಿ 2011ರ ಜನವರಿಯಲ್ಲಿ ವರದಿ ಕೊಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಈ ಸಂಸ್ಥೆಗಳಿಗಾಗಿ ಪ್ರತ್ಯೇಕ ವರ್ಗವನ್ನೇ ರಚಿಸಿತು. ಇಂದು ಜಾರಿಯಲ್ಲಿರುವ ಚೌಕಟ್ಟು 2022ರ ಮಾರ್ಚಿಯದು. ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲವೇ ಕಿರುಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದದ್ದೆಂದರೆ, ಆದಾಯವನ್ನೂ ಈಗಿರುವ ಸಾಲವನ್ನೂ ವಿಚಾರಿಸುವ ಬಗೆಯಲ್ಲಿ ಕ್ಷೇತ್ರ ಸಿಬ್ಬಂದಿಗೆ ತರಬೇತಿ ಕೊಡಬೇಕು, ಗ್ರಾಹಕರೊಡನೆ ನಡೆದುಕೊಳ್ಳುವ ರೀತಿಯನ್ನು ಕಲಿಸಬೇಕು ಎಂದೂ ಆ ನಿರ್ದೇಶನ ಹೇಳುತ್ತದೆ. ಅಂದರೆ ತರಬೇತಿ ಈಗ ಸಂಸ್ಥೆಯ ಔದಾರ್ಯವಲ್ಲ, ಕರ್ತವ್ಯ.

ಕರ್ತವ್ಯವನ್ನು ಒಂದು ಮಧ್ಯಾಹ್ನದ ಪರದೆಪಾಠದಲ್ಲಿ ಮುಗಿಸಿಬಿಡಬಹುದು. ಅರ್ಧದ ನಿಯಮವನ್ನೇ ತೆಗೆದುಕೊಳ್ಳಿ. ಮನೆಯ ಆದಾಯ ತಿಂಗಳಿಗೆ 18,000, ಅರ್ಧ 9,000, ಈಗ ಕಟ್ಟುತ್ತಿರುವುದು 6,500, ಇನ್ನು 2,500ರ ಕಂತಿಗೆ ಅವಕಾಶವಿದೆ. ಈ ಕಳೆಯುವ ಲೆಕ್ಕವನ್ನು ಮೊಬೈಲೇ ಮಾಡುತ್ತದೆ. ಕಷ್ಟವಿರುವುದು 18,000 ಎಂಬ ಅಂಕಿಯನ್ನು ಪಡೆಯುವಲ್ಲಿ. ಹಸು ಕರೆಯುವ ತಿಂಗಳು ಡೇರಿಯ ಬಟವಾಡೆ ಬರುತ್ತದೆ. ಗಬ್ಬವಾಗಿ ಹಾಲು ಬತ್ತಿದ ಮೇಲೆ ಬರುವುದಿಲ್ಲ. ರಾಗಿ ವರ್ಷಕ್ಕೊಮ್ಮೆ. ಗಾರೆ ಕೆಲಸದ ಕೂಲಿ ಮಳೆಗಾಲದಲ್ಲಿ ಅರೆಬರೆ. ಜೂನ್ ತಿಂಗಳಿಗೆ ಮಕ್ಕಳ ಶಾಲೆಯ ಖರ್ಚು ಕಾದು ಕುಳಿತಿರುತ್ತದೆ. ಇದನ್ನೆಲ್ಲ ಸರಾಸರಿ ಮಾಡಿ ಬರೆದ 18,000 ಯಾವ ತಿಂಗಳಿನಲ್ಲಿಯೂ ನಿಜವಲ್ಲ. 6,500 ಎಂಬುದೂ ಅಷ್ಟೇ. ಸಾಲಮಾಹಿತಿ ಸಂಸ್ಥೆಯ ದಾಖಲೆಯಲ್ಲಿ ನೋಂದಾಯಿತ ಸಂಸ್ಥೆಗಳ ಸಾಲ ಸಿಗುತ್ತದೆ. ಕೈಸಾಲ, ಚೀಟಿಯ ಹಣ, ಬಡ್ಡಿ ವ್ಯವಹಾರದವರ ಸಾಲ ಅಲ್ಲಿ ಇರುವುದಿಲ್ಲ. ನೆರೆಯವಳ ಹೆಸರಿನಲ್ಲಿ ತೆಗೆದು ಈಕೆಯೇ ತೀರಿಸುತ್ತಿರುವ ಸಾಲವೂ ಇರುವುದಿಲ್ಲ.

ಇದನ್ನು ಕೇಳಿ ತಿಳಿಯಬೇಕು, ಕೇಳುವುದೊಂದು ವಿದ್ಯೆ. "ನೀವು ಕುಡಿಯುತ್ತೀರಾ?" ಎಂದರೆ ರೋಗಿ ಇಲ್ಲವೆನ್ನುತ್ತಾನೆ. "ಕಳೆದ ವಾರ ಎಷ್ಟು ದಿನ ಕುಡಿದಿರಿ?" ಎಂದರೆ ಲೆಕ್ಕ ಹಾಕತೊಡಗುತ್ತಾನೆ. ಹಾಗೆಯೇ, "ಬೇರೆ ಸಾಲ ಇದೆಯೇ ಅಮ್ಮ?" ಎಂಬ ಪ್ರಶ್ನೆಗೆ ಉತ್ತರ ಮೊದಲೇ ಗೊತ್ತು. ಹೌದೆಂದರೆ ಸಾಲ ಸಿಗದು. "ಹೋದ ತಿಂಗಳು ಯಾವ ಯಾವ ದಿನ ಯಾರಿಗೆ ದುಡ್ಡು ಕೊಟ್ಟಿರಿ?" ಎಂದು ದಿನಗಳ ಜಾಡು ಹಿಡಿದರೆ ಚಿತ್ರ ತಾನಾಗಿ ಮೂಡುತ್ತದೆ. ವೈದ್ಯ ವಿದ್ಯಾರ್ಥಿಗಳಿಗೆ ನಾವು ಇದನ್ನು ರೋಗಿಗಳಂತೆ ನಟಿಸುವವರ ಎದುರು ಕೂರಿಸಿ ಕಲಿಸುತ್ತೇವೆ, ತಪ್ಪಿದಲ್ಲಿ ತಡೆದು ಮತ್ತೆ ಕೇಳಿಸುತ್ತೇವೆ. ಆಮೇಲೆ ಹಿರಿಯರ ಕಣ್ಣೆದುರು ನಿಜವಾದ ರೋಗಿಗಳನ್ನು ಮಾತನಾಡಿಸುತ್ತಾರೆ. ಶಾಖಾ ವ್ಯವಸ್ಥಾಪಕನ ಮೂರು ದಿನಗಳಲ್ಲಿ ಎರಡನ್ನು ಈ ಅಭ್ಯಾಸಕ್ಕೆ ಕೊಡುವುದಾದರೆ ಉಳಿದ ಒಂದು ದಿನದಲ್ಲಿ ಲೆಕ್ಕವನ್ನು ಹೇಗೂ ಕಲಿಯಬಹುದು.

ಇನ್ನೊಂದು ಪದ್ಧತಿಯನ್ನು ನಮ್ಮಿಂದ ಎರವಲು ಪಡೆಯುವುದಾದರೆ ನನಗೆ ಬಹಳ ಸಂತೋಷವಾದೀತು. ಆಸ್ಪತ್ರೆಗಳಲ್ಲಿ ನಿಯತವಾಗಿ ಒಂದು ಸಭೆ ನಡೆಯುತ್ತದೆ. ಆ ಅವಧಿಯಲ್ಲಿ ಆದ ಸಾವುಗಳನ್ನು, ಚಿಕಿತ್ಸೆಯಿಂದಾದ ತೊಡಕುಗಳನ್ನು ಒಂದೊಂದಾಗಿ ಎತ್ತಿಕೊಂಡು, ಎಲ್ಲಿ ಬೇರೆ ನಿರ್ಧಾರ ತೆಗೆದುಕೊಳ್ಳಬಹುದಿತ್ತು ಎಂದು ಚರ್ಚಿಸುತ್ತೇವೆ. ಯಾರನ್ನೂ ದಂಡಿಸುವುದು ಉದ್ದೇಶವಲ್ಲ. ದಂಡನೆಯ ಭಯವಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಮೊದಲ ಸಲ ಅಲ್ಲಿ ನಿಂತು ನನ್ನದೇ ತಪ್ಪನ್ನು ವಿವರಿಸಿದ ದಿನ ನನ್ನ ಅಂಗೈ ಬೆವತದ್ದು ಇನ್ನೂ ನೆನಪಿದೆ. ಕಿರುಸಾಲ ಶಾಖೆಗಳಲ್ಲಿಯೂ ತಪ್ಪಿದ ಕಂತುಗಳ ಸಭೆ ನಡೆಯುತ್ತದೆ, ದಿನವೂ ನಡೆಯುವುದುಂಟು. ಆದರೆ ಅಲ್ಲಿಯ ಪ್ರಶ್ನೆ ಒಂದೇ: ಹಣ ಯಾವಾಗ ಬರುತ್ತದೆ? ಈ ಸಾಲವನ್ನು ನಾವು ಕೊಟ್ಟದ್ದು ಹೇಗೆ, ಕೊಡುವ ದಿನ ಆ ಮನೆಯ ಬಗ್ಗೆ ನಮಗೇನು ಗೊತ್ತಿತ್ತು ಎಂಬುದು ಆ ಸಭೆಯ ವಿಷಯವಲ್ಲ. ಬಾಕಿ ಎಂಬುದು ಸಾಲಗಾರನ ರೋಗಕ್ಕಿಂತ ಹೆಚ್ಚಾಗಿ ಸಂಸ್ಥೆಯ ನಿರ್ವಹಣೆಯ ರೋಗ ಎಂಬ ಪಾಠ ಬಾಕಿ ನಿರ್ವಹಣೆಯ ಒಳ್ಳೆಯ ಪಠ್ಯಗಳಲ್ಲೆಲ್ಲ ಬರುತ್ತದೆ. ತರಗತಿಯಲ್ಲಿ ತಲೆಯಾಡಿಸಿದವರೇ ಸೋಮವಾರ ಬೆಳಿಗ್ಗೆ ಅದನ್ನು ಮರೆಯುತ್ತಾರೆ. ಸಂಬಳದ ಜೊತೆಗಿನ ಪ್ರೋತ್ಸಾಹಧನ ಸಾಲದ ಸಂಖ್ಯೆಗೂ ವಸೂಲಿಗೂ ಕಟ್ಟಿಕೊಂಡಿರುವಾಗ ಮರೆಯದೆ ಇನ್ನೇನು? ಯಾವ ಉಪನ್ಯಾಸಕನೂ ಪಗಾರದ ಚೀಟಿಯನ್ನು ವಾದದಲ್ಲಿ ಗೆಲ್ಲಲಾರ.

ಕರ್ನಾಟಕದಲ್ಲಿ ಬೇರೊಂದು ದಾರಿಯೂ ಇತ್ತು, ಇದೆ. ಮೈರಾಡ ಸಂಸ್ಥೆ ಎಂಬತ್ತರ ದಶಕದಲ್ಲಿ ರೂಪಿಸಿದ ಸ್ವಸಹಾಯ ಗುಂಪುಗಳಲ್ಲಿ ತರಬೇತಿ ಮೊದಲು, ಬ್ಯಾಂಕಿನ ಸಾಲ ನಂತರ. ತರಬೇತಿ ಸಾಲ ಕೊಡುವವನಿಗಲ್ಲ, ಪಡೆಯುವವರಿಗೆ: ಸಭೆ ನಡೆಸುವುದು, ನಿಯಮ ಮಾಡಿಕೊಳ್ಳುವುದು, ಪುಸ್ತಕ ಬರೆಯುವುದು, ತಮ್ಮದೇ ಉಳಿತಾಯದಿಂದ ಒಬ್ಬರಿಗೊಬ್ಬರು ಸಾಲ ಕೊಟ್ಟು ನೋಡುವುದು. 1987ರಲ್ಲಿ ನಬಾರ್ಡ್ ಇದಕ್ಕೆ ನೆರವು ನೀಡಿತು; 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವಾಗಿ ದೇಶಕ್ಕೆಲ್ಲ ಹಬ್ಬಿತು. ಯಾರ ಮನೆಯ ಹಸು ಹಾಲು ಬತ್ತಿಸಿದೆ ಎಂಬುದನ್ನು ಆ ಗುಂಪಿಗೆ ಯಾರೂ ಕಲಿಸಬೇಕಿರಲಿಲ್ಲ. ಆದರೆ ಇದು ನಿಧಾನದ ದಾರಿ. ಬೇಗ ಬೆಳೆಯಬೇಕಾದ ಬಂಡವಾಳಕ್ಕೆ ಹೊಂದುವುದಿಲ್ಲ. ಆ ಗುಂಪುಗಳಲ್ಲಿಯೂ ಜಗಳ, ಪುಸ್ತಕದ ತಪ್ಪು, ಬಲಿಷ್ಠರ ದಬ್ಬಾಳಿಕೆ ಇಲ್ಲವೆಂದು ನಾನು ಹೇಳುತ್ತಿಲ್ಲ.

2025ರ ಆರಂಭದಲ್ಲಿ ಕರ್ನಾಟಕದ ಪತ್ರಿಕೆಗಳಲ್ಲಿ ಬಂದ ಸುದ್ದಿಗಳನ್ನು ಇಲ್ಲಿಯ ಓದುಗರೂ ನೋಡಿರುತ್ತೀರಿ: ಮನೆ ಬಿಟ್ಟು ಹೋದ ಕುಟುಂಬಗಳು, ಗೋಡೆಯ ಮೇಲಿನ ಬರಹ, ಆತ್ಮಹತ್ಯೆಗಳು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ. ಅದಕ್ಕೂ ಮೊದಲು, 2024ರ ಕೊನೆಯಲ್ಲಿ, ಉದ್ಯಮದ ಸ್ವಯಂನಿಯಂತ್ರಣ ಸಂಘ ಒಬ್ಬ ಸಾಲಗಾರ್ತಿಗೆ ಮೂರಕ್ಕಿಂತ ಹೆಚ್ಚು ಸಂಸ್ಥೆಗಳು ಸಾಲ ಕೊಡಬಾರದೆಂದು ಮಿತಿ ಹೇರುವುದಾಗಿ ಪ್ರಕಟಿಸಿತ್ತು. ಎರಡೂ ಬೇಕಾದ ಕ್ರಮಗಳೇ. ಆದರೆ ಶಿಕ್ಷೆ ತಟ್ಟುವುದು ಕೊನೆಯ ಕೊಂಡಿಯಾದ ವಸೂಲಿಗೆ ಹೋದ ಹುಡುಗನಿಗೆ. ಅವನು ಮನೆ ಮುಂದೆ ನಿಲ್ಲುವ ಹೊತ್ತಿಗೆ ತಪ್ಪು ನಡೆದು ಒಂದು ವರ್ಷವಾಗಿರುತ್ತದೆ. ಇನ್ನು ಮೂರು ಸಂಸ್ಥೆಗಳ ಮಿತಿ ನನ್ನ ರೋಗಿಯನ್ನು ರಕ್ಷಿಸುತ್ತಿರಲಿಲ್ಲ. ಆಕೆಯ ಬಳಿ ಇದ್ದದ್ದು ಮೂರೇ ಕಾರ್ಡು.

ತರಬೇತಿಗೆ ಖರ್ಚಿದೆ ಎಂಬುದು ಸಂಸ್ಥೆಗಳ ಉತ್ತರ, ಅದು ಸುಳ್ಳಲ್ಲ. ಒಂದು ವಾರ ಶಾಖೆ ಬಿಟ್ಟು ಬಂದ ವ್ಯವಸ್ಥಾಪಕನ ಕೆಲಸವನ್ನು ಬೇರೊಬ್ಬರು ನೋಡಬೇಕು. ಅದಕ್ಕಿಂತ ದೊಡ್ಡ ಅಳುಕು, ಕಲಿತವನು ನಿಲ್ಲುವುದಿಲ್ಲವೆಂಬುದು. ಈ ವೃತ್ತಿಯಲ್ಲಿ ಜನ ಬಹುಬೇಗ ಕೆಲಸ ಬಿಡುತ್ತಾರೆ. ಬೈಕಿನ ಮೇಲೆ ನಗದು ಹೊತ್ತು ದಿನಕ್ಕೆ ಹತ್ತಾರು ಹಳ್ಳಿ ಸುತ್ತುವ ಕೆಲಸ ಯಾರಿಗೆ ಪ್ರಿಯ? ಗಂಟಲುನೋವಿನ ಆ ತರುಣನೂ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದರು. ಆದರೆ ಖರ್ಚಿನ ಇನ್ನೊಂದು ಬದಿಯನ್ನೂ ಬರೆದಿಡಬೇಕು. ಆತ ಬಿಟ್ಟುಹೋದ ದಿನ ಆತನಿಗೆ ತಿಳಿದಿದ್ದ ನೂರಾರು ಮನೆಗಳ ಸಂಗತಿಯೂ ಜೊತೆಯಲ್ಲಿ ಹೋಗುತ್ತದೆ. ಆತ ಮನೆಯ ವೃತ್ತಾಂತವನ್ನು ಬರೆದಿಟ್ಟಿದ್ದರೆ ಅದು ಶಾಖೆಯಲ್ಲಿ ಉಳಿಯುತ್ತಿತ್ತು. ನಾಳೆ ನಾನು ನಿವೃತ್ತನಾದರೂ ನನ್ನ ರೋಗಿಗಳ ಕಡತ ಮುಂದಿನ ವೈದ್ಯರಿಗೆ ಸಿಗುವಂತೆ.

ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಒಂದು ಮಾತು. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಕೀವಾ ಮುಂತಾದ ತಾಣಗಳ ಮೂಲಕ 25 ಡಾಲರಿನಂತೆ ಸಾಲ ಕೊಡುವವರು ನಮ್ಮಲ್ಲಿ ಅನೇಕರಿದ್ದಾರೆ, ನಾನೂ ಕೊಟ್ಟಿದ್ದೇನೆ. ಊರಿನ ಸಂಸ್ಥೆಗಳಿಗೆ ನೇರವಾಗಿ ದೇಣಿಗೆ ಕಳಿಸುವ ಕನ್ನಡ ಕೂಟಗಳಿವೆ. ಇಂಥ ಸಂಸ್ಥೆಗಳ ವಿವರ ನೋಡುವಾಗ ನಾವು ಗಮನಿಸುವುದು ವಸೂಲಿಯ ಪ್ರಮಾಣವನ್ನು ಮತ್ತು ನಗುಮುಖದ ಚಿತ್ರವನ್ನು. ಕಳೆದ ವರ್ಷ ನಮ್ಮ ಕೂಟ ಒಂದು ಸಂಸ್ಥೆಗೆ ಹಣ ಕಳಿಸುವ ಮೊದಲು ನಾನು ಬೇರೆ ಪ್ರಶ್ನೆಗಳನ್ನು ಕೇಳಿದೆ. ಶಾಖಾ ವ್ಯವಸ್ಥಾಪಕರು ಆ ಹುದ್ದೆಗೆ ಬಂದ ಮೇಲೆ ಎಷ್ಟು ದಿನ, ಯಾರಿಂದ, ಎಲ್ಲಿ ಕಲಿತರು? ಹೊಸ ಅರ್ಜಿಯ ಮನೆಭೇಟಿಗೆ ಸರಾಸರಿ ಎಷ್ಟು ಹೊತ್ತು ಹಿಡಿಯುತ್ತದೆ? ಕಳೆದ ವರ್ಷ ಎಷ್ಟು ಅರ್ಜಿಗಳನ್ನು, ಸಾಲಗಾರರ ಹಿತಕ್ಕಾಗಿಯೇ, ತಿರಸ್ಕರಿಸಿದ್ದೀರಿ? ಕಾಯಿಲೆ ಬಿದ್ದ ಮನೆಯ ಕಂತನ್ನು ಮುಂದೂಡುವ ಅಧಿಕಾರ ಶಾಖೆಗಿದೆಯೇ, ಆ ಅಧಿಕಾರವನ್ನು ಎಷ್ಟು ಸಲ ಬಳಸಲಾಗಿದೆ? ಹದಿನೈದು ದಿನಗಳ ನಂತರ ಉತ್ತರ ಬಂದಿತು. ಮೊದಲನೆಯದಕ್ಕೆ ವಿವರವಾದ ಪಠ್ಯಕ್ರಮವನ್ನೇ ಲಗತ್ತಿಸಿದ್ದರು. ಕೊನೆಯದಕ್ಕೆ, ಅಧಿಕಾರ ಇದೆ, ಎಷ್ಟು ಸಲ ಬಳಸಿದ್ದೇವೆಂಬ ಲೆಕ್ಕ ಇಟ್ಟಿಲ್ಲ, ಇನ್ನು ಮುಂದೆ ಇಡುತ್ತೇವೆ ಎಂದು ಬರೆದಿದ್ದರು. ನಾವು ಹಣವನ್ನು ಎರಡು ಭಾಗ ಮಾಡಿ ಕಳಿಸಲು ತೀರ್ಮಾನಿಸಿದೆವು. ಎರಡನೆಯ ಭಾಗವನ್ನು ಆ ಲೆಕ್ಕ ಕೈಸೇರಿದ ಮೇಲೆ ಕಳಿಸಬೇಕಾಗಿದೆ.